ಕಂಬಳಿಗೆ ಬಿದ್ದ ಬಿಸಿಲು

ಬಿಸಿಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಹುಟ್ಟಿಲ್ಲ ಎಂದುಕೊಂಡಿದ್ದೆ. ಮುರಗೋಡದ ಹೊಲದಲ್ಲಿ ಜೋಳ ಕೊಯ್ದು ಮುದುಕಿಯಾದವಳು ನಾನು. ಅಂಥವಳ ರಕ್ತ ನೋಡಿ ಬೈಲಹೊಂಗಲದ ಡಾಕ್ಟರಮ್ಮ, ಡಿ ವಿಟಮಿನ್ ಕಮ್ಮಿ ಇದೆ, ಅದು ಬಿಸಿಲಿನಿಂದ ಬರುತ್ತದೆ ಎಂದಾಗ ನನಗೆ ಸಿಟ್ಟೇ ಬಂತು. ಮೊಣಕಾಲು ನೋವೆಂದು ಹೊಲ ಬಿಟ್ಟು, ವರ್ಷಗಟ್ಟಲೆ ಟಿವಿ ಮುಂದೆ ಕುಳಿತದ್ದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಲ್ಲಿಗೆ ಹೋಗಿದ್ದು ನೆಗಡಿ, ಕೆಮ್ಮಿಗೆ. ಒಂದು ಹೋಗುವುದರೊಳಗೆ ಇನ್ನೊಂದು ಬರುತ್ತಿತ್ತು. ಬಂದರೆ ಬರಲಿ ಎನ್ನುತ್ತಿದ್ದೆ. ಆದರೆ ಮೊಮ್ಮಗಳು ಸವಿತಾ ಬಾಣಂತನಕ್ಕೆ ಬಂದಿದ್ದಳು. ಸೊಸೆ ಗಿರಿಜಾ ನನ್ನನ್ನು ಬಾಣಂತಿ ಕೋಣೆಯ ಹೊಸ್ತಿಲು ದಾಟಗೊಡಲಿಲ್ಲ.

“ಅತ್ತ್ಯಾರ, ಕೆಮ್ಮು ಹೋಗೂತನಕಾ ಕೂಸಿನ ಹತ್ರ ಬರಬ್ಯಾಡ್ರಿ.”

ಇನ್ನೇನು ಕೂಸು ರಾಮದುರ್ಗಕ್ಕೆ, ತನ್ನ ಅಪ್ಪನ ಮನೆಗೆ ಹೋಗುವುದಿತ್ತು. ಮರಿಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ ಕಳಿಸಬೇಕೇ? ಡಾಕ್ಟರಮ್ಮ ವಾರಕ್ಕೊಂದು ಗುಳಿಗೆ ಕೊಟ್ಟು, ಬಿಸಿಲಿಗೂ ಕೂಡಲು ಹೇಳಿದ್ದರು. ನಾನು ದಿನಾ ಹೊತ್ತು ಮೂಡುತ್ತಲೇ ಕಟ್ಟೆಯ ಮೇಲೆ ಕೂತೆ. ನೆಗಡಿಯವಳಲ್ಲವೇ, ತಲೆಗೆ ಸೆರಗು, ಮೈಗೆ ಸ್ವೆಟರ್, ಮೇಲೊಂದು ಕಂಬಳಿ. ಮತ್ತೆ ಹೋದಾಗ ಇದನ್ನು ಹೆಮ್ಮೆಯಿಂದ ಹೇಳಿದೆ. ಅವರು ನಕ್ಕರು.

“ಅಜ್ಜಿ, ಆ ಬಿಸಿಲು ಕಂಬಳಿಗೆ ಬಿದ್ದೈತಿ, ನಿಮಗೆಲ್ಲಿ ಬಿತ್ತು?”

ಎಳೆಬಿಸಿಲು ಸಾಲದು, ಹೊತ್ತು ಸ್ವಲ್ಪ ಏರಲಿ, ಕೈಕಾಲಿಗೆ ನೇರ ಬೀಳಲಿ, ಸುಟ್ಟುಕೊಳ್ಳುವಷ್ಟು ಬೇಡ ಎಂದರು. ಹಾಗಾದರೆ ನೆಗಡಿ ಇನ್ನು ಬರುವುದೇ ಇಲ್ಲವೇ ಎಂದೆ. ಹಾಗೇನಿಲ್ಲವಂತೆ. ಡಿ ತೀರಾ ಕಡಿಮೆಯಾದರೆ ರೋಗದ ಜತೆ ಗುದ್ದಾಡಲು ಮೈಗೆ ಕಸುವು ಸಾಲದು; ಕೊರತೆ ತುಂಬಿದರೆ ಒಂದಿಷ್ಟು ಅನುಕೂಲವಾದೀತು. ಕೈ ತೊಳೆಯುವುದು, ಕೆಮ್ಮುವಾಗ ಬಾಯಿ ಮುಚ್ಚುವುದು ಇದ್ದದ್ದೇ.

ಜೀವಮಾನವೆಲ್ಲ ಸೆರಗು ಜಾರದಂತೆ ಬದುಕಿದವಳು ಸೀರೆ ಮೇಲೆತ್ತಿ ಕಾಲು ಚಾಚಿ ಕೂತರೆ ಓಣಿ ಸುಮ್ಮನಿರುತ್ತದೆಯೇ? ಎದುರು ಮನೆಯ ಫಾತಿಮಾ, ನನ್ನ ಕಾಲು ತೋರಿಸಿ, ಈ ಹಪ್ಪಳ ಯಾವಾಗ ಒಣಗೂದು ಎಂದು ದಿನಾ ಕೇಳುತ್ತಿದ್ದಳು. ನಿನ್ನ ಹಂಗ ಹಸಿ ಇರೂದಕ್ಕಿಂತ ಚಲೋ ಎನ್ನುತ್ತಿದ್ದೆ.

ಕೆಮ್ಮು ಕಡಿಮೆಯಾಯಿತು. ಗುಳಿಗೆಯೋ, ಬಿಸಿಲೋ, ಅದಕ್ಕೇ ಬೇಸರವಾಯಿತೋ ಗೊತ್ತಿಲ್ಲ. ಅದು ಪೂರ್ತಿ ನಿಂತು ಕೆಲವು ದಿನಗಳಾದ ಮೇಲೆ ಗಿರಿಜಾ ನನ್ನ ಕೈಗೆ ಸೋಪು ಕೊಟ್ಟು, ತೊಳೆಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿದಳು. ಅದು ನನ್ನ ಬೆರಳು ಹಿಡಿದು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಮರುದಿನವೇ ರಾಮದುರ್ಗದಿಂದ ಬೀಗತಿ, ಸವಿತಾಳ ಅತ್ತೆ, ತಾಯಿ-ಕೂಸನ್ನು ಕರೆದೊಯ್ಯಲು ಬಂದಳು. ಹೊಸ್ತಿಲಲ್ಲೇ ಸೀನಿದಳು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, “ಅಲ್ಲೇ ಕುಂದರ್ರಿ, ನೆಗಡಿ ಹೋಗೂತನಕಾ ಕೂಸು ಕೊಡಂಗಿಲ್ಲ” ಎಂದೆ. ಗಿರಿಜಾಳಿಗಿಂತ ನನ್ನ ದನಿಯೇ ಗಡುಸಾಗಿತ್ತು.

ಪ್ರಯಾಣ ಮುಂದಕ್ಕೆ ಹೋಯಿತು, ಕೂಸು ಇನ್ನಷ್ಟು ದಿನ ನನ್ನ ಬಳಿ ಉಳಿಯಿತು. ಬೀಗತಿಗೆ ಕಷಾಯ ಕೊಟ್ಟೆ, ಹೊರಗಿನ ಕೋಣೆಯಲ್ಲಿ ಬೆಚ್ಚಗೆ ಮಲಗಿಸಿದೆ, ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಬಿಸಿಲಿನ ವಿಷಯ ಹೇಳುವುದೊಂದು ಮಾತ್ರ ನನಗೆ ನೆನಪೇ ಆಗಲಿಲ್ಲ ನೋಡಿ.