ಅಟ್ಟದ ಮೇಲಿನ ವೀರ

ನಮ್ಮ ಸೋದರಮಾವನಿಗೆ ಬದುಕಿರುವ ನೆಂಟರಿಗಿಂತ ಹೊಯ್ಸಳರ ಕಾಲದಲ್ಲೇ ಸತ್ತುಹೋದವರ ಮೇಲೆ ಪ್ರೀತಿ ಹೆಚ್ಚು. ನಂಬುವುದಿಲ್ಲವೇ? ಕಣಕಟ್ಟೆಯ ಅವರ ತೆಂಗಿನ ತೋಟಕ್ಕೆ ಹೋಗಿ ನೋಡಿ. ಅಲ್ಲೊಂದು ವೀರಗಲ್ಲಿದೆ. ಕೆಳಗಡೆ ದನ ಉಳಿಸಲು ಹೋರಾಡುತ್ತಿರುವ ವೀರ, ನಡುವೆ ಅವನ ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವನ ಮುಂದೆ ಅವನು ಹಾಯಾಗಿ ಕೂತಿರುವುದು. ಮಾವ ಅವನನ್ನು ಅಣ್ಣ ಎನ್ನುತ್ತಾರೆ. ಮಗಳ ಮದುವೆಯ ಮೊದಲ ಲಗ್ನಪತ್ರಿಕೆ ಅರಿಶಿನ ಕುಂಕುಮ ಸಮೇತ ಹೋದದ್ದು ಆ ಅಣ್ಣನಿಗೇ. ನನಗೆ ಬಂದದ್ದು ಮೊಬೈಲಿನಲ್ಲಿ ಅದರ ಫೋಟೊ!

ಕಲ್ಲಿನ ಮೇಲಿನ ಬರಹ ಸವೆದುಹೋಗಿದೆ. ಆದರೂ ಮಾವ ಗಡಗಡ ಓದುತ್ತಾರೆ. ತೊಂದರೆಯೆಂದರೆ, ಒಂದು ಸಲ ಓದಿದಾಗ ವೀರ ಇಬ್ಬರು ಕಳ್ಳರನ್ನು ಹೊಡೆದಿರುತ್ತಾನೆ, ಮುಂದಿನ ಸಲ ಒಂದು ದಂಡನ್ನೇ. ಕೇಳಿದರೆ, "ಕಲ್ಲೂ ಬೆಳಿತೈತೆ ಕಣ್ಲಾ" ಎಂಬ ಸಮಜಾಯಿಷಿ ಬೇರೆ.

ಇಂಥವರಿಗೆ ತಮಗೂ ಒಂದು ಕಲ್ಲು ಬೇಕೆನ್ನಿಸಿದ್ದರಲ್ಲಿ ಆಶ್ಚರ್ಯವೇನು? ಹೇಗೆ ಸತ್ತರೆ ಕಲ್ಲು ನಿಲ್ಲಿಸುತ್ತಾರೆಂದು ತಿಳಿಯಲು ನನ್ನನ್ನೂ ಎಳೆದುಕೊಂಡು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋದರು. ಬಸದಿಯ ಬಳಿ, ಉಪವಾಸವಿದ್ದು ದೇಹ ಬಿಟ್ಟವರ ನೆನಪಿನ ಕಲ್ಲಿನ ಮುಂದೆ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿಗೇ, ಇದು ನಮ್ಮ ಕೈಲಾಗುವ ಸಾವಲ್ಲ ಎಂದು ಸೀದಾ ಹೋಟೆಲಿಗೆ ನಡೆದು ಮಸಾಲೆದೋಸೆ ಹೇಳಿದರು.

ಉಳಿದದ್ದು ವೀರಮರಣ. ಬೇಲೂರಿನ ಶಿಲ್ಪಿಯೊಬ್ಬರು, ಯಾರ ಜೊತೆ ಹೋರಾಡಿದ್ದೀರಿ ಸ್ವಾಮಿ ಎಂದು ಕೇಳಿದರು. ಬಸ್ ಕಂಡಕ್ಟರುಗಳ ಜೊತೆ ಎನ್ನಲಾದೀತೇ! ಮಾವ ತಲೆ ಕೆರೆದುಕೊಂಡು, ಕೊಟ್ಟಿಗೆಗೆ ನುಗ್ಗಿದ ಚಿರತೆಯನ್ನು ಒನಕೆಯಿಂದ ಹೊಡೆದೋಡಿಸಿದ್ದನ್ನು ಕೆತ್ತಲು ಹೇಳಿ ಬಂದರು. ಘಟನೆಯೇನೋ ನಿಜ. ಆದರೆ ಒನಕೆ ಹಿಡಿದದ್ದು ನಮ್ಮತ್ತೆ.

ಸುದ್ದಿ ಕೇಳಿದ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಹೇಳಿದರು: "ಆವತ್ತು ನೀವು ಅಟ್ಟದ ಮೇಲಿದ್ರಿ. ನಾನು ಕೂಗಿದ ಮೇಲೇ ಇಳಿದಿದ್ದು. ಕೆತ್ಸೋದಾದ್ರೆ ಅದ್ನೂ ಕೆತ್ಸಿ."

ಮಾವ ಮುಖ ಊದಿಸಿಕೊಂಡು ಶಿಲ್ಪಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ತೋಟಕ್ಕೆ ಹೋಗಿ ಅಣ್ಣನ ಹತ್ತಿರ ಹೆಂಡತಿಯ ಮೇಲೆ ದೂರನ್ನೂ ಹೇಳಿದರಂತೆ.

ಈ ವರ್ಷ ಅತ್ತೆ ಜ್ವರವೆಂದು ಮಲಗಿದವರು ಏಳಲಿಲ್ಲ. ಅವರ ರೊಟ್ಟಿ ತಿಂದು ಬೆಳೆದವನು ನಾನು, ಬಹಳ ಸಂಕಟವಾಯಿತು. ಕೆಲವು ತಿಂಗಳ ಮೇಲೆ ಹೋದಾಗ ಮಾವ ತೋಟದಲ್ಲಿದ್ದರು. ಹಳೆಯ ವೀರಗಲ್ಲಿನ ಪಕ್ಕದಲ್ಲಿ ಹೊಸದೊಂದು ಕಲ್ಲು! ಕೆಳಗಡೆ ಸೆರಗು ಸಿಕ್ಕಿಸಿ ಒನಕೆ ಎತ್ತಿದ ಅತ್ತೆ, ಬಾಲ ಮುದುರಿದ ಚಿರತೆ, ಹಿಂದೆ ಹಸು. ಮೂಲೆಯ ಅಟ್ಟದಿಂದ ಇಣುಕುತ್ತಿರುವ ಇಲಿಯಷ್ಟು ಗಾತ್ರದ ಗಂಡಸು. ಮೀಸೆ ಮಾತ್ರ ಸಾಕ್ಷಾತ್ ಮಾವನದೇ. ಅಡಿಯಲ್ಲಿ ಒಂದು ಸಾಲು. ಮಾವ ಬೆರಳಿಟ್ಟು ಓದಿದರು: "ಹಸುವನ್ನೂ ಗಂಡನನ್ನೂ ಕಾದವಳು." ಕಲ್ಲಿನ ಮೇಲೆ ಇದ್ದದ್ದನ್ನಷ್ಟೇ ಅವರು ಓದಿದ್ದು ಅದೇ ಮೊದಲು.

ಮೇಲಿನ ಸ್ವರ್ಗದಲ್ಲಿ ಅತ್ತೆ ಒಬ್ಬರೇ ಒಂದು ಬದಿಗೆ ಸರಿದು ಕೂತಿದ್ದರು. ಪಕ್ಕದಲ್ಲಿ ಬರೀ ಕಲ್ಲು. ಶಿಲ್ಪಿ ಕೆಲಸ ಅರ್ಧಕ್ಕೇ ಬಿಟ್ಟರೇ ಎಂದು ಕೇಳಿದೆ.

"ಇಲ್ಲ ಕಣ್ಲಾ, ಆ ಜಾಗ ನಾನೇ ಬಿಡ್ಸಿದ್ದು" ಎಂದರು ಮಾವ. "ಆವತ್ತೂ ಅವಳು ಕೂಗಿದ ಮೇಲೇ ಅಲ್ವಾ ನಾನು ಇಳಿದಿದ್ದು? ಈಗ್ಲೂ ಕೂಗ್ಲಿ, ಬತ್ತೀನಿ."