ಕರೆದದ್ದಕ್ಕೆ ಪುರಾವೆ

"ಇನ್ಮೇಲೆ ಈ ಭೂಮಂಡಲದಲ್ಲಿ ಯಾವ ನೆಂಟನೂ 'ನಮ್ಮನ್ನ ಕರೀನಿಲ್ಲ' ಅಂತ ಬಾಯಿ ಬುಡಂಗಿಲ್ಲ ಕಣೇ!"

ಕೊಳ್ಳೇಗಾಲದ ರೇಷ್ಮೆ ನೇಯುವವರ ಬೀದಿಯ ಶಿವಪ್ರಕಾಶ ಹೀಗೆ ಸಾರಿದಾಗ ಅವನ ಒಂದು ಕಾಲು ಮಗ್ಗದ ಗುಂಡಿಯಲ್ಲಿತ್ತು, ಬಲಗೈಯಲ್ಲಿ ಅಂದೇ ತಂದ ಹೊಸ ಮೊಬೈಲು ಮೇಲೆದ್ದಿತ್ತು. ಶಾಸನ ಹೊರಡಿಸುವ ಅರಸರೂ ಇಷ್ಟು ಗತ್ತಿನಿಂದ ನಿಂತಿರಲಾರರು.

ಹೆಂಡತಿ ಚೌಡೇಶ್ವರಿ ಅಡುಗೆಮನೆಯಿಂದಲೇ ಕೇಳಿದಳು. "ಯಾಕೆ, ಆ ಫೋನು ಮನೆಮನೆಗೋಗಿ ಕುಂಕುಮ ಕೊಟ್ಟು ಬತ್ತದಾ?"

"ಅದ್ಕಿಂತ ದೊಡ್ ಕೆಲ್ಸ ಮಾಡ್ತದೆ! ಮಾತಾಡಿದ್ದನ್ನೆಲ್ಲ ತಂತಾನೇ ರೆಕಾರ್ಡ್ ಮಾಡ್ಕತದೆ. ನಾನು 'ಬಾ' ಅಂದದ್ದು, ಅವ್ನು 'ಬತ್ತೀನಿ' ಅಂದದ್ದು, ಎಲ್ಲಾನೂ. ನಿನ್ ತಮ್ಮ ಈ ಸಲ ಎಲ್ಲಿಗೆ ತಪ್ಪಿಸ್ಕಂಡು ಓಯ್ತಾನೋ ನೋಡ್ತೀನಿ!"

ತಮ್ಮನ ಹೆಸರು ಬಂದದ್ದೇ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ತಮ್ಮ ಅಂದರೆ ಯಳಂದೂರಿನ ಚೌಡೇಶ. ಎರಡು ವರ್ಷದ ಹಿಂದೆ ಮಗಳು ಲಿಖಿತಾಳ ನಾಮಕರಣಕ್ಕೆ ಅವನು ಬರಲಿಲ್ಲ. ಯಾಕೆಂದು ಕೇಳಿದರೆ, "ಭಾವ ಫೋನ್ ಮಾಡಿ 'ಭಾನುವಾರ ನಾಮಕರಣ ಅದೆ' ಅಂದ್ರು. 'ಬಾ' ಅನ್ನಿಲ್ಲ. ಸುದ್ದಿ ಯೋಳೋದು ಬೇರೆ, ಕರಿಯೋದು ಬೇರೆ" ಎಂದ. "ಅಂದಿದ್ದೆ" ಎಂದು ಶಿವಪ್ರಕಾಶ, "ಅನ್ನಿಲ್ಲ" ಎಂದು ಚೌಡೇಶ. ಸಾಕ್ಷಿಯಿಲ್ಲದ ಈ ವ್ಯಾಜ್ಯದಲ್ಲಿ ಅಕ್ಕ ತಮ್ಮಂದಿರು ಮುಖ ನೋಡುವುದೇ ನಿಂತುಹೋಗಿತ್ತು.

ಈಗ ಲಿಖಿತಾಳ ಕಿವಿ ಚುಚ್ಚಿಸಬೇಕು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಲಿಖಿತಾಳಿಗೆ ಇರುವವನು ಒಬ್ಬನೇ ಸೋದರಮಾವ, ಅವನ ಎರಡೂ ತೊಡೆಗಳು ಯಳಂದೂರಿನಲ್ಲಿ ಮುನಿಸಿಕೊಂಡು ಕೂತಿವೆ!

"ನಂಗೆ ಒಡವೆ ಬ್ಯಾಡ, ಸೀರೆ ಬ್ಯಾಡ. ನನ್ ತಮ್ಮ ಬರ್ಬೇಕು. ಅವ್ನು ಬರ್ದಿದ್ರೆ ನನ್ ಮಗಳ ಕಿವಿಗೆ ಸೂಜಿ ಮುಟ್ಸಕೆ ಬುಡಕಿಲ್ಲ" ಎಂದು ಚೌಡೇಶ್ವರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬಂದೇ ಬತ್ತಾನೆ! ಪುರಾವೆ ಸಮೇತ ಕರೀತೀನಿ!" ಎಂದ ಶಿವಪ್ರಕಾಶ.

ಬಾಮೈದನಿಗೆ ಮಾಡುವ ಮುಂಚೆ ಕೈ ಕುದುರಲಿ ಎಂದು ಸತ್ತೇಗಾಲದ ದೊಡ್ಡಪ್ಪ ಮುದ್ದಯ್ಯನಿಗೆ ಮೊದಲ ಕರೆ ಹೋಯಿತು. ಮುದ್ದಯ್ಯ "ಹಲೋ" ಎಂದ. ಶಿವಪ್ರಕಾಶ ಬಾಯಿ ತೆರೆಯುವಷ್ಟರಲ್ಲಿ ಫೋನಿನೊಳಗಿಂದ ಒಬ್ಬ ಹೆಂಗಸು ಸ್ಪಷ್ಟವಾದ ಗ್ರಾಂಥಿಕ ಕನ್ನಡದಲ್ಲಿ ನುಡಿದಳು: "ಈ ಕರೆಯನ್ನು ಈಗ ರೆಕಾರ್ಡ್ ಮಾಡಲಾಗುತ್ತಿದೆ."

ಶಿವಪ್ರಕಾಶ ಬೆಚ್ಚಿದ. ಆ ಕಡೆ ಮುದ್ದಯ್ಯ ಅದಕ್ಕಿಂತ ಹೆಚ್ಚು ಬೆಚ್ಚಿದ.

"ಯಾವ ಸ್ಟೇಷನ್ನು ತಾಯಿ?"

"ಸ್ಟೇಷನ್ನಲ್ಲ ದೊಡ್ಡಪ್ಪ, ನಾನು ಶಿವಪ್ರಕಾಶ! ಮಗೀಗೆ ಕಿವಿ ಚುಚ್ಚಿಸ್ತಾ ಇವ್ನಿ, ಭಾನುವಾರ ಬನ್ನಿ ಅಂತ ಕರ್ಯಕೆ…"

ಮುದ್ದಯ್ಯ ಗಂಟಲು ಸರಿಮಾಡಿಕೊಂಡ. "ನಾನು ಸತ್ತೇಗಾಲದ ಮುದ್ದಯ್ಯ. ನಾನು, ನನ್ನ ಹೆಂಡ್ತಿ, ಗಂಡುಮಕ್ಳು, ಸೊಸೇರು, ಮೊಮ್ಮಕ್ಳು ಎಲ್ರೂ ಆ ದಿವ್ಸ ತಪ್ಪದೆ ಹಾಜರಾಯ್ತೀವಿ. ಇದು ಸತ್ಯ" ಎಂದು ಹೇಳಿ, ಉಸಿರು ಬಿಗಿಹಿಡಿದು ಫೋನಿಟ್ಟ.

ಶಿವಪ್ರಕಾಶ ಬಸ್‌ಸ್ಟಾಂಡಿನ ಹತ್ತಿರ ಫೋನು ಮಾರಿದ ಮಣಿಕಂಠನ ಅಂಗಡಿಗೆ ನುಗ್ಗಿದ. "ಇವ್ಳ ಬಾಯಿ ಮುಚ್ಸಯ್ಯ!"

"ಅದು ಆಗಕಿಲ್ಲ ಸಾ. ಸಾಫ್ಟ್‌ವೇರ್ ರೂಲು. ಹಳೇ ಫೋನಲ್ಲಿ ಸುಮ್ನೆ ರೆಕಾರ್ಡ್ ಆಯ್ತಿತ್ತು. ಈಗ ಯೋಳಿಯೇ ಮಾಡ್ತದೆ. ಬ್ಯಾಡ ಅಂದ್ರೆ ರೆಕಾರ್ಡಿಂಗೇ ಆಫ್ ಮಾಡ್ಕಬೇಕು."

"ರೆಕಾರ್ಡಿಂಗ್ ಆಫ್ ಮಾಡಕೆ ಈ ಫೋನ್ ಯಾಕಯ್ಯಾ ತಕಳ್ಳಿ?"

"ಹಂಗಾದ್ರೆ ಭಾಷೆ ಬದಲಾಯಿಸಿ ಸಾ. ಹಿಂದಿ ಮಾಡ್ಬುಡ್ತೀನಿ. ಅವ್ಳು ಏನಂದ್ಲು ಅಂತ ಯಾರ್ಗೂ ಗೊತ್ತಾಗಕಿಲ್ಲ."

ಎಂಥ ಉಪಾಯ! ಶಿವಪ್ರಕಾಶ ಅಲ್ಲೇ ನಿಂತು ಹನೂರಿನ ದೊಡ್ಡಮಾದಮ್ಮನಿಗೆ ಫೋನು ಹಚ್ಚಿದ. ರೇಷ್ಮೆಗೂಡು ಬೆಳೆಯುವ ಮನೆ ಅವಳದು, ಅವನ ಅಪ್ಪನ ಕಾಲದಿಂದ ಬಳಕೆ. ಹೆಂಗಸು ಹಿಂದಿಯಲ್ಲಿ ಶುರುವಿಟ್ಟಳು. ದೊಡ್ಡಮಾದಮ್ಮ ಅವಳನ್ನು ಮುಗಿಸಗೊಡಲಿಲ್ಲ.

"ಲೇ ಮೂದೇವಿ! ಓಟಿಪಿ ಕೇಳಕೆ ಫೋನ್ ಮಾಡಿದ್ದೀಯೇನೇ? ಹೋದ ತಿಂಗ್ಳು ನಮ್ ಬೀದಿ ಮಾದಸ್ವಾಮಿ ದುಡ್ಡು ತಿಂದೋಳು ನೀನೇ ಅಲ್ವೇನೇ? ನಿನ್ ಬಾಯಿಗೆ ಮಣ್ಣಾಕ!"

ಫೋನು ಕಟ್ಟಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತಲ್ಲ ಎಂದುಕೊಂಡು ಶಿವಪ್ರಕಾಶ ಹೆಂಗಸನ್ನು ಮರಳಿ ಕನ್ನಡಕ್ಕೆ ಕರೆತಂದ.

ಆದರೆ ಸೋಲುವ ಜಾಯಮಾನವಲ್ಲ ಅವನದು! ಹೆಂಗಸು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಜೋರಾಗಿ ಕೆಮ್ಮಿಬಿಟ್ಟರೆ ಅವಳ ಮಾತು ಮುಚ್ಚಿಹೋಗುತ್ತದೆ ಎಂದು ಹೊಸ ತಂತ್ರ ಹೂಡಿದ. ದೊಡ್ಡಮಾದಮ್ಮನನ್ನೂ ಸೇರಿಸಿ ಉಳಿದ ನೆಂಟರಿಷ್ಟರನ್ನೆಲ್ಲ ಕೆಮ್ಮಿ ಕೆಮ್ಮಿಯೇ ಕರೆದ. ಹೆಂಗಸಿನ ಮಾತು ಎಲ್ಲರಿಗೂ ಚೆನ್ನಾಗಿ ಕೇಳಿಸಿತು, ಜೊತೆಗೆ ಕೆಮ್ಮೂ ಕೇಳಿಸಿತು. ಸಂಜೆಯೊಳಗೆ ಚೌಡೇಶ್ವರಿಗೆ ಫೋನುಗಳು ಬರತೊಡಗಿದವು. "ಶಿವಪ್ರಕಾಶಂಗೆ ಎದೇಲಿ ಏನೋ ಆಗದಂತಲ್ಲವ್ವ? ಕೊನೇ ಮಾತ್ನೆಲ್ಲ ರೆಕಾರ್ಡ್ ಮಾಡಿಸ್ತಾವ್ನಂತೆ. ಕಾಮಗೆರೆ ಆಸ್ಪತ್ರೆಗಾದ್ರೂ ಒಂದ್ಸಲ ತೋರ್ಸವ್ವ!"

ಕೊನೆಗೆ ಚೌಡೇಶನ ಸರದಿ. ಚೌಡೇಶ್ವರಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಂಡನ ಪಕ್ಕಕ್ಕೇ ಬಂದು ನಿಂತಳು. ಶಿವಪ್ರಕಾಶ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. ಇದಕ್ಕೆ ಮಾತ್ರ ಕೆಮ್ಮು ಬೇಡ ಎಂದು ತೀರ್ಮಾನಿಸಿದ್ದ.

"ಭಾವಾ?" ಎಂದ ಚೌಡೇಶ. ಎರಡು ವರ್ಷದ ಮೇಲೆ ಕೇಳಿದ ಆ ದನಿ ಎಷ್ಟು ಮೆತ್ತಗಿತ್ತೆಂದರೆ ಚೌಡೇಶ್ವರಿಯ ಕಣ್ಣು ಆಗಲೇ ತುಂಬಿತು.

"ಈ ಕರೆಯನ್ನು ಈಗ ರೆಕಾರ್ಡ್ ಮಾಡಲಾಗುತ್ತಿದೆ" ಎಂದಳು ಹೆಂಗಸು.

ಶಿವಪ್ರಕಾಶನ ಬಾಯಿಪಾಠ ಶುರುವಾಗುವ ಮೊದಲೇ ಆ ಕಡೆಯ ದನಿ ಗಡುಸಾಯಿತು.

"ಓಹೋ! ನನ್ ಮ್ಯಾಲೆ ಸಾಕ್ಷಿ ಮಡಿಕಂಡು ಮಾತಾಡ್ತಾ ಇದ್ದೀರಾ? ನಾನೇನು ಕಳ್ಳನಾ ಭಾವ?" ಎಂದವನೇ ಚೌಡೇಶ ಫೋನಿಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

"ಓಗ್ಲಿ ಬುಡು. ನಾವು ಕರ್ದಿದ್ದಕ್ಕೆ ಪುರಾವೆ ಅದಲ್ಲ!" ಎಂದು ಶಿವಪ್ರಕಾಶ ರೆಕಾರ್ಡಿಂಗ್ ಹಾಕಿದ. ಅದರಲ್ಲಿ ಚೌಡೇಶ ಇದ್ದ, ಹೆಂಗಸು ಇದ್ದಳು, ಮತ್ತೆ ಚೌಡೇಶ ಇದ್ದ. ಶಿವಪ್ರಕಾಶ ಒಂದೇ ಒಂದು ಮಾತೂ ಆಡಿರಲಿಲ್ಲ.

"ಎಲ್ರೀ ನಿಮ್ 'ಬಾ'?" ಎಂದಳು ಚೌಡೇಶ್ವರಿ. "ಹೋದ್ಸಲ ಕರ್ದ್ರೋ ಇಲ್ವೋ ಅಂತ ಅನುಮಾನವಾದ್ರೂ ಇತ್ತು. ಈ ಸಲ ಪುರಾವೆ ಸಮೇತ ಕರೀನಿಲ್ಲ!"

ಅಷ್ಟಾದರೂ ಶಿವಪ್ರಕಾಶನ ಧೈರ್ಯ ಕುಗ್ಗಲಿಲ್ಲ. "ರಕ್ತಸಂಬಂಧ ಕಣೇ, ಬರ್ದೆ ಇದ್ದಾನಾ?" ಎಂದು ಅಡುಗೆಯ ಮಹದೇವುವನ್ನು ಕರೆಸಿದ. ಎಷ್ಟು ಎಲೆ ಎಂದು ಮಹದೇವು ಕೇಳಿದ. ನಮ್ಮ ಸೀಮೆಯಲ್ಲಿ 'ಬತ್ತೀವಿ' ಎಂದರೆ ಬಂದೇ ಬರುತ್ತೇವೆ ಎಂದಲ್ಲ, ನೀವು ಕರೆದದ್ದು ಸಂತೋಷ ಎಂದಷ್ಟೇ. ಬತ್ತೀವಿ ಅಂದವರಲ್ಲಿ ಅರ್ಧಕ್ಕೆ ಅಡುಗೆ ಮಾಡಿದರೆ ಅನ್ನ ಮಿಗುತ್ತದೆ, ಇದು ತಲತಲಾಂತರದ ಲೆಕ್ಕ. ಶಿವಪ್ರಕಾಶ ಅರ್ಧಕ್ಕೇ ಹೇಳಿದ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಇಳಿಸುವ ಮೊದಲೇ ಸತ್ತೇಗಾಲದ ಬಸ್ಸಿನಿಂದ ಮುದ್ದಯ್ಯ ಇಳಿದ. ಹಿಂದೆ ಅವನ ಹೆಂಡತಿ, ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಜೊತೆಗೆ ಬೀಗರು. ಆಮೇಲೆ ಹನೂರಿನ ಕಡೆಯಿಂದ ಒಂದು ಟೆಂಪೋ ತುಂಬ ಜನ, ಅದರ ಮುಂದಿನ ಸೀಟಿನಲ್ಲಿ ದೊಡ್ಡಮಾದಮ್ಮ. ಬೀದಿ ಉದ್ದಕ್ಕೂ ಚಪ್ಪಲಿಗಳೇ ಚಪ್ಪಲಿಗಳು! ಮದುವೆಗೂ ಬಾರದವರು ಕಿವಿ ಚುಚ್ಚುವುದಕ್ಕೆ ಬಂದಿದ್ದರು.

"ಎಲ್ರೂ ಬಂದ್ರಲ್ಲ ದೊಡ್ಡಪ್ಪ!" ಎಂದ ಶಿವಪ್ರಕಾಶ. ಅವನ ನಗುವಿನಲ್ಲಿ ಜೀವವಿರಲಿಲ್ಲ.

"ರೆಕಾರ್ಡಾಗಿದೆಯಲ್ಲಪ್ಪ, ಬರ್ದಿದ್ರೆ ನಾಳೆ ಏನು ಗತಿ?" ಎಂದ ಮುದ್ದಯ್ಯ. ದೊಡ್ಡಮಾದಮ್ಮ ಶಿವಪ್ರಕಾಶನ ಎದೆ ಸವರಿ, ಮನೆಯಿಂದ ತಂದ ಕಷಾಯದ ಬಾಟಲಿ ಕೈಗಿಟ್ಟಳು. "ಕೊನೇದಾಗಿ ಮಕ ನೋಡ್ಕಂಡು ಓಗವ ಅಂತ ಬಂದೆ ಕಣಪ್ಪ. ಇಷ್ಟು ಗಟ್ಟಿಯಾಗಿದ್ದೀಯಲ್ಲ!" ಎಂದಳು. ಆ ಮಾತಿನಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ಮಹದೇವು ಸೌಟು ಹಿಡಿದೇ ಓಡಿಬಂದ. "ಅಣ್ಣ, ನಂಗೆ ಯೋಳಿದ್ದು ಕಿವಿ ಚುಚ್ಚೋದಕ್ಕೆ. ಇದು ಜಾತ್ರೆ ಆಗೋಯ್ತಲ್ಲಣ್ಣ!"

ಬಂದವರಲ್ಲಿ ಯಳಂದೂರಿನವರು ಮಾತ್ರ ಇರಲಿಲ್ಲ. ಆಚಾರಿ ಚಿನ್ನದ ತಂತಿ ತೆಗೆದಿಟ್ಟುಕೊಂಡು, "ಹನ್ನೆರಡರೊಳಗೆ ಆಗ್ಬೇಕು, ಸೋದರಮಾವ ಎಲ್ಲಿ?" ಎಂದ. ಚಪ್ಪರದಲ್ಲಿದ್ದವರೆಲ್ಲ ಶಿವಪ್ರಕಾಶನ ಮುಖ ನೋಡಿದರು. ಮೊದಲ ಬಾರಿಗೆ ಅವನಿಗೆ ನಾಚಿಕೆಯಾಯಿತು.

ಚೌಡೇಶ್ವರಿ ಗಂಡನನ್ನು ಒಳಗೆ ಕರೆದಳು. "ರೀ, ಅನ್ನ ಸಾರಿನ ಚಿಂತೆ ಬುಡಿ. ಬೀದಿಯೋರ ಮನೇಲೆಲ್ಲ ಅಕ್ಕಿ ಬೇಯ್ಸಿಸ್ತೀನಿ. ಈ ಎಲೆಅಡಿಕೆ ತಟ್ಟೆ ತಕಂಡು ಯಳಂದೂರ್ಗೆ ಓಗಿ. ಫೋನ್ ಇಲ್ಲಿ ಕೊಡಿ."

"ಫೋನಿಲ್ದೆ ಹೆಂಗೆ…"

"ಬಾಯದಲ್ಲ!"

ಶಿವಪ್ರಕಾಶ ನಿರಾಯುಧನಾಗಿ ಬೈಕು ಹತ್ತಿದ. ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡ. ನಾಮಕರಣದ ವಿಷಯವನ್ನು ಇವತ್ತು ಇತ್ಯರ್ಥ ಮಾಡಿಯೇ ಬಿಡುತ್ತೇನೆ, ಅವನ ತಪ್ಪನ್ನು ಅವನ ಬಾಯಲ್ಲೇ ಹೇಳಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡೇ ಯಳಂದೂರು ಸೇರಿದ.

ಚೌಡೇಶನ ಮನೆ ಮುಂದೆ ಬೈಕು ನಿಲ್ಲಿಸಿದರೆ ಕಂಡದ್ದೇನು? ಚೌಡೇಶ ಜರಿಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟು ಜಗಲಿ ಮೇಲೆ ಕೂತಿದ್ದಾನೆ. ಹೆಂಡತಿ ರೋಜಾ ರೇಷ್ಮೆ ಸೀರೆಯಲ್ಲಿದ್ದಾಳೆ. ಬಾಗಿಲಲ್ಲಿ ಬಾಡಿಗೆ ಆಟೋ ನಿಂತಿದೆ. ಚೌಡೇಶನ ಮುಷ್ಟಿಯಲ್ಲಿ ಅಕ್ಕಸಾಲಿಯ ಅಂಗಡಿಯ ಪುಟ್ಟ ಕೆಂಪು ಡಬ್ಬಿ, ಸೋದರಸೊಸೆ ಲಿಖಿತಾಳಿಗೆ ತಂದ ಓಲೆ. ಹೊರಡುವುದಕ್ಕೆ ಎಲ್ಲವೂ ಸಿದ್ಧ, ಕರೆಯುವವರೊಬ್ಬರು ಇಲ್ಲ!

ಅದನ್ನು ನೋಡುತ್ತಲೇ ಶಿವಪ್ರಕಾಶ ಬೈಕಿನಿಂದ ಇಳಿದ. ಜೋಡಿಸಿಕೊಂಡು ಬಂದ ವಾದವೆಲ್ಲ ಎಲ್ಲಿಗೆ ಹೋಯಿತೋ. "ಹೊಂಟು ಕೂತಿದ್ದೀಯಲ್ಲೋ! ಬಂದ್ಬುಡಬಾರ್ದಾ?"

"ನೆಂಟ್ರು ಸುದ್ದಿ ಯೋಳುದ್ರು. ಆದ್ರೆ ನೀವು ಕರೀದೆ ಹೆಂಗೆ ಬರ್ಲಿ ಭಾವ?" ಎಂದ ಚೌಡೇಶ. ಅವನ ಕಣ್ಣಂಚು ಒದ್ದೆಯಾಗಿತ್ತು. "ಬೆಳಿಗ್ಗಿಂದ ದಾರಿ ನೋಡ್ತಾ ಕೂತಿವ್ನಿ."

ಶಿವಪ್ರಕಾಶ ತಟ್ಟೆ ಮುಂದೆ ಹಿಡಿದ. ರೋಜಾ ತಟ್ಟನೆ ಗಂಡನ ಫೋನು ಎತ್ತಿಕೊಂಡಳು. "ತಡೀರಣ್ಣ. ಇವ್ರು ನಾಳೆ ಮತ್ತೆ 'ಕರೀನಿಲ್ಲ' ಅಂತಾರೆ. ಈಗ ಯೋಳಿ."

"ಬಾಪ್ಪ" ಎಂದ ಶಿವಪ್ರಕಾಶ.

"ಕೇಳಿಸ್ನಿಲ್ಲ. ಇನ್ನೂ ಜೋರಾಗಿ."

"ಬಾರಪ್ಪ ಚೌಡೇಶ!"

"ಅಷ್ಟೇನಾ? ಎರಡು ವರ್ಸದ ಬಾಕಿ ಅದೆ ಅಣ್ಣ!"

ಶಿವಪ್ರಕಾಶ ಮುಂದಾಲೋಚನೆ ಬಿಟ್ಟ, ಮಾನ ಬಿಟ್ಟ, ಬೀದಿಯವರೆಲ್ಲ ಬಾಗಿಲಿಗೆ ಬರುವಂತೆ ಕೂಗಿದ. "ನೀನಿಲ್ದೆ ನಮ್ಮನೇಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಕಿಲ್ಲ ಕಣಪ್ಪ! ತಪ್ಪೆಲ್ಲ ನಂದೇ! ನಿನ್ ಕಾಲಿಗೆ ಬೀಳ್ತೀನಿ, ಬಾರಪ್ಪ ಚೌಡೇಶಾ!"

"ಆಯ್ತು" ಎಂದಳು ರೋಜಾ. ಚೌಡೇಶ ಭಾವನಿಗಿಂತ ಮುಂಚೆ ಓಡಿ ಆಟೋದಲ್ಲಿ ಕೂತಿದ್ದ.

ಮುಹೂರ್ತ ಮೀರಲಿಲ್ಲ. ಲಿಖಿತಾ ಸೋದರಮಾವನ ತೊಡೆಯ ಮೇಲೆ ಕೂತು, ಸೂಜಿ ತಾಗಿದಾಗ ಊರೇ ಎದ್ದುಬರುವಂತೆ ಅತ್ತು, ಓಲೆ ಕಂಡಾಗ ಸುಮ್ಮನಾದಳು. ಅಕ್ಕ ತಮ್ಮ ಇಬ್ಬರೂ ಮಗುವಿಗಿಂತ ಹೆಚ್ಚು ಅತ್ತರು. ಬೀದಿಯ ಮನೆಗಳಿಂದ ಬಂದ ಬಗೆಬಗೆಯ ಅನ್ನ, ಬಗೆಬಗೆಯ ಸಾರುಗಳಲ್ಲಿ ಬಂದವರ ಊಟವೂ ಹೇಗೋ ಮುಗಿಯಿತು.

ಕಡೆಯ ಪಂಕ್ತಿಯಲ್ಲಿ ಶಿವಪ್ರಕಾಶ ಬಾಮೈದನ ಪಕ್ಕ ಎಲೆ ಹಾಕಿಸಿಕೊಂಡ. ಪಾಯಸ ಖಾಲಿಯಾಗಿದ್ದರೂ ಅವನ ಠೀವಿ ಮರಳಿತ್ತು. "ನೋಡಿದ್ರಾ ದೊಡ್ಡಪ್ಪ? ನಾನು ಕರ್ದ್ರೆ ಯಾರೂ ಇಲ್ಲ ಅನ್ನಕಿಲ್ಲ. ಗಂಡಸು ಅಂದ್ಮೇಲೆ ಒಂದೇ ಮಾತು, ಗತ್ತಲ್ಲಿ ಯೋಳ್ಬೇಕು. ನಾನೇನು ಅವ್ನ ಮುಂದೆ…"

ಚೌಡೇಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಂಟೆಯಲ್ಲ, ಹಾಡಲ್ಲ. ಚಪ್ಪರ ಹಾರಿಹೋಗುವ ಹಾಗೆ ಶಿವಪ್ರಕಾಶನದೇ ಕೂಗು: "ತಪ್ಪೆಲ್ಲ ನಂದೇ! ನಿನ್ ಕಾಲಿಗೆ ಬೀಳ್ತೀನಿ, ಬಾರಪ್ಪ ಚೌಡೇಶಾ!"

ಪಂಕ್ತಿಗೆ ಪಂಕ್ತಿಯೇ ಕೈ ತಡೆಯಿತು. ಮುದ್ದಯ್ಯನಿಗೆ ಮಜ್ಜಿಗೆ ನೆತ್ತಿಗೇರಿತು.

"ಆಟೋದಲ್ಲೇ ರಿಂಗ್‌ಟೋನ್ ಮಾಡ್ಬುಟ್ಟೆ ಅಣ್ಣ" ಎಂದಳು ರೋಜಾ, ಉಪ್ಪಿನಕಾಯಿ ಬಡಿಸುತ್ತಾ.

"ಅಲ್ಲಾ, ಉಣ್ಣೋ ಹೊತ್ನಲ್ಲಿ ಫೋನ್ ಮಾಡ್ತಿರೋ ಆ ಪುಣ್ಯಾತ್ಮ ಯಾರು?" ಎಂದು ಶಿವಪ್ರಕಾಶ ಗುಡುಗಿದ.

ಅಡುಗೆಮನೆಯ ಬಾಗಿಲಲ್ಲಿ, ಗಂಡನ ಹೊಸ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚೌಡೇಶ್ವರಿ ನಿಂತಿದ್ದಳು. ಮುಖದ ತುಂಬ ನಗು.

"ನಾನೇ ಕಣ್ರಿ. ಎತ್ಬೇಡ ಕಣ್ಲಾ ತಮ್ಮ, ಇನ್ನೊಂದ್ಸಲ ಕೇಳ್ತೀನಿ!"