ಕಾಕಾನ ಟಿಕ್ ಟಿಕ್ ಡಬ್ಬಿ

ನಮ್ಮ ಕಾಕಾ ಸ್ವಂತ ಬುದ್ಧಿಯಿಂದ ಮಾಡಿದ ಒಂದೇ ಒಂದು ಮಷೀನೂ ಹೇಳಿದ ಕೆಲಸ ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ! ಹಾಗಂತ ಆತನಿಗೆ ವಿದ್ಯೆ ಇಲ್ಲವೆಂದು ತಿಳಿಯಬೇಡಿ. ತಿಕೋಟಾದ ಬಜಾರದಲ್ಲಿ ಆತನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪು ತಂದುಕೊಟ್ಟರೆ ಮರುದಿನ ಬಾವಿಗೆ ಇಳಿಸಬಹುದು. ಆದರೆ ಅದೇ ಕೈ ಹೊಸದೇನಾದರೂ ಕಂಡುಹಿಡಿಯಲು ಹೊರಟರೆ ಏನಾಗುತ್ತದೋ! ನೀರಿನ ಟಾಕಿ ತುಂಬಿದರೆ ಗಂಟೆ ಬಾರಿಸುವ ಯಂತ್ರ ಮಾಡಿದ. ಅದು ಟಾಕಿ ಖಾಲಿಯಾದಾಗ ಬಾರಿಸಿತು. "ನೀರಿಲ್ಲ ಅನ್ನೂದೂ ಒಂದು ಸುದ್ದಿನ ಅಲ್ಲೇನು?" ಎಂದ. ದ್ರಾಕ್ಷಿ ತೋಟದ ಹಕ್ಕಿ ಓಡಿಸಲು ಗಿಡುಗನಂತೆ ಕೂಗುವ ಡಬ್ಬಿ ಮಾಡಿದ. ಆ ದನಿ ಹಕ್ಕಿಗಳಿಗೆ ಏನೆಂದು ಕೇಳಿಸಿತೋ, ಕಳ್ಳಕವಟಗಿ ಊರಿನ ಹಕ್ಕಿಗಳೂ ನಮ್ಮ ತೋಟಕ್ಕೆ ಊಟಕ್ಕೆ ಬಂದವು!

ಪ್ರತಿ ಸಲ ತೀರ್ಪು ಕೊಡುವವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ರೊಟ್ಟಿ ಬಡಿಯುತ್ತಲೇ, "ನಿಮ್ಮ ಮಷೀನ್ ಇದ್ರ ಸಾಕು ನೋಡ್ರಿ, ಬ್ಯಾರೆ ವೈರಿ ಬ್ಯಾಡ," ಎನ್ನುತ್ತಿದ್ದಳು.

ಅಂಥ ಚಿಗವ್ವನಿಗೆ ಹೋದ ವರ್ಷ ಎದೆಯಲ್ಲಿ ಗಂಟಾಯಿತು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ, ಆಮೇಲೆ ಐದು ವಾರ ರೇಡಿಯೇಷನ್ ಕೊಟ್ಟರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡೋದು ಅನ್ನುತ್ತಾರೆ. ಗಂಟು ಹೋಯಿತು, ಚಿಗವ್ವ ಉಳಿದಳು, ನಾವೆಲ್ಲ ಪೇಡೆ ಹಂಚಿದೆವು. ಆದರೆ ಮಾತಾಡಿಸಲು ಬಂದ ಓಣಿಯ ಹಿರಿಯಾಕೆಯೊಬ್ಬಳು ತೊಟ್ಟಿಲಲ್ಲಿದ್ದ ಚಿಗವ್ವನ ನಾಲ್ಕು ತಿಂಗಳ ಮೊಮ್ಮಗಳನ್ನು ನೋಡಿ, "ಕೂಸಿನ್ನ ಎತ್ಕೋಬ್ಯಾಡ ಬೇ ಯವ್ವಾ, ಮೈಯಾಗ ಇನ್ನಾ ಕರೆಂಟ್ ಇರತೈತಿ," ಎಂದುಬಿಟ್ಟಳು.

ಮುಗಿಯಿತು. ಅಂದಿನಿಂದ ಚಿಗವ್ವ ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿಕೊಂಡಳು. ಮಗ ಹೇಳಿದ, ಸೊಸೆ ಅತ್ತಳು, ಕೇಳಲಿಲ್ಲ. ಹೊಸ್ತಿಲಾಚೆ ಕೂತು ತೊಟ್ಟಿಲು ನೋಡುತ್ತಿದ್ದಳು, ಅಷ್ಟೇ.

"ಡಾಕ್ಟರು ಏನೂ ಇಲ್ಲ ಅಂದಾರಲ್ಲ ಚಿಗವ್ವ?" ಎಂದು ನಾನೂ ಕೇಳಿ ನೋಡಿದೆ.

"ಅನ್ನಾಕೇನೋ ತಮ್ಮಾ, ಕೂಸು ಅವರ ಮೊಮ್ಮಗಳಲ್ಲಲ್ಲ," ಎಂದಳು.

ಕಾಕಾ ಮಾತ್ರ ವಾದಕ್ಕೆ ಹೋಗಲಿಲ್ಲ. ಎರಡು ದಿನ ಮೊಬೈಲಿನಲ್ಲಿ ಏನೇನೋ ಓದಿ, "ರೇಡಿಯೇಷನ್ ಅಳತಿ ಮಾಡೂ ಡಬ್ಬಿ ಮಾಡಾಕತ್ತೇನಿ. ಆಕಿ ಮೈಯಾಗ ಐತೋ ಇಲ್ಲೋ ಅದ ಹೇಳಲಿ," ಎಂದ. ಟಾಕಿಯ ಗಂಟೆಯನ್ನು ಮರೆಯಲಾದೀತೇ?

ಅದಕ್ಕೆ ಬೇಕಾದ, ರೇಡಿಯೇಷನ್ ತಾಗಿದಾಗಲೆಲ್ಲ ಮಿಡಿಯುವ ಗಾಜಿನ ನಳಿಗೆಯ ಪಾರ್ಸಲ್ ವಿಜಯಪುರದ ನಮ್ಮ ಮನೆಗೆ ಬಂತು. ಒಯ್ಯಲು ಬಂದ ಕಾಕಾ ಚಹಾ ಕುಡಿಯುತ್ತ, ಇದಕ್ಕೆ ನಾನ್ನೂರು ವೋಲ್ಟ್ ಬೇಕಲ್ಲ ಎಂದು ಮನೆಯೆಲ್ಲ ಕಣ್ಣಾಡಿಸಿದ. ಮೊಳೆಗೆ ತೂಗುಹಾಕಿದ್ದ ಸೊಳ್ಳೆ ಬ್ಯಾಟು ಕಂಡಿತು.

"ಇದರಾಗ ಐತಿ ನೋಡು!"

"ಕಾಕಾ, ನಮ್ಮನ್ಯಾಗ ಸೊಳ್ಳಿ ಭಾಳ..."

"ಪರದೆ ಕಟ್ಕೋರಿ," ಎಂದವನೇ ಬ್ಯಾಟಿನ ಹೊಟ್ಟೆ ಬಗೆದು ಸರ್ಕಿಟ್ಟು ಕಿತ್ತು ಜೇಬಿಗಿಳಿಸಿದ. ನಳಿಗೆಯನ್ನು ಟವೆಲ್‌ನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಿಕೋಟಾ ಮುಟ್ಟಿಸಿದ. ನಾವು ತಿಂಗಳಿಡೀ ಸೊಳ್ಳೆಗಳಿಗೆ ಊಟವಾದೆವು.

ಹಳೇ ರೇಡಿಯೋದ ಸ್ಪೀಕರು ಜೋಡಿಸಿ ಬಟನ್ ಒತ್ತಿದ ದಿನ ನಾನೂ ತಿಕೋಟಾದಲ್ಲಿದ್ದೆ. ಡಬ್ಬಿ ‘ಟಿಕ್’ ಎಂದಿತು. ಮತ್ತೆ ‘ಟಿಕ್’! ಕೆಲಸ ಮಾಡಿದ ಮೊದಲ ಮಷೀನು! ಕಾಕಾ ಕುಣಿಯುತ್ತ ಹೋಗಿ ಡಬ್ಬಿಯನ್ನು ಚಿಗವ್ವನ ಕೈ ಹತ್ತಿರ ಹಿಡಿದ. ಟಿಕ್... ಟಿಕ್.

ಚಿಗವ್ವ ಕೈ ಹಿಂದೆಳೆದುಕೊಂಡಳು. "ನೋಡ್ರಿ, ನಾ ಹೇಳಲಿಲ್ಲಾ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಸಲ ಮಷೀನು ಕೆಲಸ ಮಾಡಿದ್ದೇ ತಪ್ಪಾಯಿತು!

"ಲೇ, ಅದು ಎಲ್ಲಾ ಕಡೆ ಒಂದೀಟು ಇದ್ದ ಇರತೈತಿ! ನೆಲದಾಗೈತಿ, ಗ್ವಾಡ್ಯಾಗೂ ಐತಿ!" ಎಂದು ಕಾಕಾ ಬಾಗಿಲ ಹೊರಗಿನಿಂದ ಕೂಗಿದ.

"ಗ್ವಾಡಿ ಏನು ಕೂಸಿನ್ನ ಎತ್ಕೋತೈತೇನ್ರಿ?" ಒಳಗಿನಿಂದ ಉತ್ತರ ಬಂತು.

ಮರುದಿನದಿಂದ ಕಾಕಾನ ದಂಡಯಾತ್ರೆ ಶುರು. ಸಿಕ್ಕಿದ್ದರ ಮುಂದೆಲ್ಲ ಒಂದು ನಿಮಿಷ ಡಬ್ಬಿ ಹಿಡಿದು, ಎಷ್ಟು ಟಿಕ್ ಎಂದು ವಹಿಯಲ್ಲಿ ಬರೆದ. ಬೇವಿನ ಗಿಡ ಇಪ್ಪತ್ತು. ಜೋಳದ ಚೀಲ ಹತ್ತೊಂಬತ್ತು. ಆಡು ಇಪ್ಪತ್ತೊಂದು. ಆಡು ಒಂದು ನಿಮಿಷ ಸುಮ್ಮನೆ ನಿಲ್ಲುವ ಪ್ರಾಣಿಯೇ? ಅದರ ಕಿವಿ ಹಿಡಿದು ನಿಂತವನು ನಾನು! ಬಿಜ್ಜರಗಿಯ ಬೀಗರ ಒಣದ್ರಾಕ್ಷಿ ಶೆಡ್ಡಿಗೂ ಹೋಗಿ, "ಇದರಾಗೂ ಐತಿ!" ಎಂದು ಖುಷಿಯಿಂದ ಕೂಗಿದ. "ಸಣ್ಣಗ ಮಾತಾಡ್ರಿ ಯಪ್ಪಾ, ಮಾಲು ನೋಡಾಕ ಮಂದಿ ಬಂದಾರ!" ಎಂದು ಬೀಗರು ಕೈಮುಗಿದು ಬಸ್ಸು ಹತ್ತಿಸಿದರು. ಕೊನೆಗೆ ಕರೆಂಟಿನ ಮಾತೆತ್ತಿದ ಹಿರಿಯಾಕೆಯ ಬೆನ್ನ ಹಿಂದೆಯೇ ಡಬ್ಬಿ ಹಿಡಿದ. ಇಪ್ಪತ್ತೆರಡು! ಆಕೆ ಕಸಬರಿಗೆ ಎತ್ತಿಕೊಂಡಳು.

ಚಿಗವ್ವ ವಹಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. "ಎಲ್ಲಾಕ್ಕೂ ಇಪ್ಪತ್ತರ ಆಜೂಬಾಜು ಐತಲ್ರಿ. ನಿಮ್ಮ ಡಬ್ಬಿ ಎಣಸಾಕತ್ತೈತೋ, ಸುಮ್ನ ಬಡ್ಕೊಳ್ಳಾಕತ್ತೈತೋ, ನಂಗ ಹೆಂಗ ಗೊತ್ತಾಗಬೇಕು?"

ಎಂಥಾ ಪ್ರಶ್ನೆ! ರೇಡಿಯೇಷನ್ ನಿಜವಾಗಿ ಹೆಚ್ಚಿರುವ ವಸ್ತುವೊಂದನ್ನು ತೋರಿಸದೆ ಉಳಿದದ್ದೆಲ್ಲ ಕಡಿಮೆಯೆಂದರೆ ಯಾರು ನಂಬುತ್ತಾರೆ?

ಮೂರು ದಿನ ಯೋಚಿಸಿ ಕಾಕಾ ನನ್ನನ್ನೂ ಕರೆದುಕೊಂಡು ಬಬಲೇಶ್ವರಕ್ಕೆ ಹೊರಟ. ಅಲ್ಲಿ ಆತನ ಹಳೇ ಗೆಳೆಯರೊಬ್ಬರು, ಎಲ್ಲರ ಬಾಯಲ್ಲಿ ‘ಸಾಹೇಬರು’. ಹಿಂದೆ ಮದುವೆ ಮೆರವಣಿಗೆಗೆ ಗ್ಯಾಸ್ ಬತ್ತಿ ಬಾಡಿಗೆ ಕೊಡುತ್ತಿದ್ದವರು. ಆ ಕಾಲದ ಬತ್ತಿಯೊಳಗೆ ಉರಿಯುವ ಜಾಳಿಗೆಯಂಥ ಮ್ಯಾಂಟಲ್‌ಗೆ ಥೋರಿಯಂ ಹಚ್ಚುತ್ತಿದ್ದರಂತೆ, ಅದರಿಂದ ರೇಡಿಯೇಷನ್ ಹೊರಡುತ್ತದಂತೆ. ಸಾಹೇಬರು ಅಟ್ಟ ಹತ್ತಿ, ಒಡೆಯದ ಮ್ಯಾಂಟಲ್ ಪಾಕೀಟೊಂದನ್ನು ಹುಡುಕಿ ಧೂಳು ಊದಿದರು.

"ಈಗೇನ್ರಿ ಇದು? ಮನ್ಯಾಗ ಶಾದಿ ಐತೇನು?"

"ಶಾದಿಗಿಂತಾ ದೊಡ್ಡದೈತಿ ಸಾಹೇಬ್ರ," ಎಂದ ಕಾಕಾ. ಪಾಕೀಟನ್ನೂ ಟವೆಲ್‌ನಲ್ಲಿ ಸುತ್ತಿಕೊಂಡ.

ಮಧ್ಯಾಹ್ನ ತಿಕೋಟಾಕ್ಕೆ ಮರಳಿ, ಅಂಗಳದ ಕಟ್ಟೆಯ ಮೇಲೆ ಚಿಗವ್ವನನ್ನು ಕೂರಿಸಿ, ಪಾಕೀಟಿನ ಮೇಲೆ ಡಬ್ಬಿ ಹಿಡಿದ. ಅಬ್ಬಾ! ಜೋಳದ ಅರಳು ಹುರಿದಂತೆ ಚಟಪಟ ಚಟಪಟ! ಪಾಕೀಟು ದೂರ ಸರಿಸಿದ. ಟಿಕ್... ಟಿಕ್. ಮತ್ತೆ ತಂದ, ಮತ್ತೆ ಚಟಪಟ.

ಚಿಗವ್ವ ಡಬ್ಬಿಯನ್ನು ತಾನೇ ಕಸಿದುಕೊಂಡಳು. ಪಾಕೀಟಿಗೆ ಹಿಡಿದಳು, ಅದನ್ನು ದೂರ ಸರಿಸಿ ನೆಲಕ್ಕೆ ಹಿಡಿದಳು. ಆಮೇಲೆ ಕಣ್ಣು ಮುಚ್ಚಿ, ಕರೆಂಟ್ ಕೊಟ್ಟ ಎದೆಯ ಮೇಲೇ ಇಟ್ಟುಕೊಂಡಳು. ಕಾಕಾ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದ.

"ಎಷ್ಟಾತ್ರಿ?"

"ಹತ್ತೊಂಬತ್ತು."

"ಬೇವಿನ ಗಿಡಕ್ಕ?"

"ಇಪ್ಪತ್ತು."

ಡಬ್ಬಿಯನ್ನು ಕಾಕಾನ ಕೈಗಿಟ್ಟು, ಚಿಗವ್ವ ಎದ್ದು ಕೈ ತೊಳೆದುಕೊಂಡಳು, ಸೆರಗಿನಲ್ಲಿ ಒರೆಸಿಕೊಂಡಳು, ಹೊಸ್ತಿಲು ದಾಟಿ ತೊಟ್ಟಿಲಿಗೆ ಹೋದಳು. ಕೂಸನ್ನು ಎದೆಗೊತ್ತಿಕೊಂಡು ತಂದು ಕಟ್ಟೆಯ ಮೇಲೆ ಕೂತು, ಜೋರಾಗಿಯೇ ಅತ್ತಳು. ಸೊಸೆಯೂ ಅತ್ತಳು. ನಾನೂ ಅತ್ತುಬಿಟ್ಟೆ, ಅದರಲ್ಲೇನು ನಾಚಿಕೆ!

ಸ್ವಲ್ಪ ಹೊತ್ತಿಗೆ ಕೂಸಿಗೆ ಮಂಪರು ಬಂತು. ಡಬ್ಬಿ ಇನ್ನೂ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಬಂದ್ ಮಾಡಲು ನಾನು ಕೈ ಚಾಚಿದೆ.

"ಇರ್ಲಿ ಬಿಡೋ ತಮ್ಮಾ, ಆ ಸಪ್ಪಳಕ್ಕ ನಿದ್ದಿ ಹತ್ತಾಕತ್ತೈತಿ," ಎಂದಳು ಚಿಗವ್ವ. ಆಮೇಲೆ ಕಾಕಾನ ಕಡೆ ನೋಡಿ, "ಚಲೋ ಮಾಡೀರಿ ಬಿಡ್ರಿ, ಈ ಮಷೀನು," ಎಂದಳು.

ಮೂವತ್ತು ವರ್ಷದಿಂದ ಆ ಒಂದು ಮಾತಿಗೆ ಕಾದಿದ್ದ ಕಾಕಾ, ಕೂಸು ಎಚ್ಚರಾಗುವವರೆಗೂ ಕಟ್ಟೆಯ ಪಕ್ಕದಲ್ಲಿ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದ.